ಬಾಯ್ಲರ್ ಪ್ಯಾನೆಲ್‌ನಿಂದ ಲಾಗ್ ತೆಗೆದಿದ್ದು: ನನ್ನ ಅನುಭವ

ಗಂಗಾವತಿ ಕಡೆಯ ಒಂದು ಬಾಯಿಲ್ಡ್ ರೈಸ್ ಮಿಲ್‌ನಲ್ಲಿ ಎಲೆಕ್ಟ್ರಿಕಲ್ ಕೆಲಸ ನೋಡಿಕೊಳ್ಳುತ್ತೇನೆ. ನಮ್ಮದು ಭತ್ತದ ಹೊಟ್ಟು ಉರಿಸುವ ಗಂಟೆಗೆ 3 ಟನ್ ಸ್ಟೀಮ್ ಕೊಡುವ ಬಾಯ್ಲರ್. ಎರಡು ವಾರದಲ್ಲಿ ಮೂರು ಸಲ ನಡುರಾತ್ರಿ ಲೋ ವಾಟರ್ ಟ್ರಿಪ್ ಆಯಿತು, ಅಂದರೆ ಒಳಗಿನ ನೀರು ಕಡಿಮೆಯಾಗಿ ಬಾಯ್ಲರ್ ತಾನಾಗೇ ಬಂದಾಯಿತು. ಹೊಟ್ಟಿನ ಬಾಯ್ಲರ್‌ನಲ್ಲಿ ಫ್ಯಾನ್ ನಿಂತರೂ ಗ್ರೇಟ್ (ಒಲೆಯ ಜಾಲರಿ) ಮೇಲೆ ಬೆಂಕಿ ಇದ್ದೇ ಇರುತ್ತದೆ, ಹಾಗಾಗಿ ನೀರು ಇಳಿಯುವುದು ಸಣ್ಣ ವಿಷಯವಲ್ಲ. ಎಲ್ಲರೂ ರಾತ್ರಿ ಪಾಳಿಯ ಆಪರೇಟರ್ ಕಾಕಾನ ಮೇಲೆ ಹೇಳಿದರು, ಮಲಗಿಬಿಟ್ಟಿರಬೇಕು ಅಂತ. ಕಾಕಾ ಒಂದೇ ಮಾತು ಹೇಳುತ್ತಿದ್ದರು: "ನಾ ಮಕ್ಕೊಂಡಿಲ್ಲ ತಮ್ಮಾ. ಪಂಪು ಓಡ್ತಿತ್ತು, ನೀರು ಮಾತ್ರ ಏರಲಿಲ್ಲ."

ಪ್ಯಾನೆಲ್ ಮೇಲೆ 7 ಇಂಚಿನ ಟಚ್ ಸ್ಕ್ರೀನ್ ಇದೆ. ದಿನಾ ನೋಡುತ್ತಿದ್ದದ್ದು ಪ್ರೆಷರ್, ಲೆವೆಲ್, ಚಿಮಣಿಯ ಟೆಂಪರೇಚರ್, ಅಷ್ಟೇ. ಒಳಗೆ ಲಾಗ್, ಅಂದರೆ ಹೊತ್ತುಹೊತ್ತಿಗೆ ತಾನೇ ಬರೆದಿಟ್ಟ ಅಂಕಿಗಳು, ಇರಬಹುದು ಅಂತ ಅನ್ನಿಸಿದ್ದು ಆಗ. ಆಪರೇಟರ್ ಲಾಗಿನ್‌ನಲ್ಲಿ ಹಿಂದಿನ ಅಲಾರಂಗಳು ಮಾತ್ರ ಕಾಣುತ್ತವೆ, ಅಂಕಿಗಳು ಬೇಕಂದ್ರೆ ಮೇಂಟೆನೆನ್ಸ್ ಪಾಸ್‌ವರ್ಡ್ ಬೇಕು. ಪ್ಯಾನೆಲ್ ಕೊಟ್ಟವರಿಗೆ ಫೋನ್ ಮಾಡಿ ಬಾಗಿಲ ಒಳಗಿನ ಸೀರಿಯಲ್ ನಂಬರ್ ಓದಿ ಹೇಳಿದೆ, ಕೊಟ್ಟರು. ಸುಮ್ನೆ ನಂಬರ್ ಒತ್ತಿ ಊಹೆ ಮಾಡಲು ಹೋಗಬೇಡಿ. ಅದೇ ಲಾಗಿನ್‌ನಲ್ಲಿ ಸೆಟ್ಟಿಂಗ್‌ಗಳೂ ಇರುತ್ತವೆ, ಕೈತಪ್ಪಿ ಒಂದು ಬದಲಾದರೆ ದೊಡ್ಡ ತಲೆನೋವು.

ಪೆನ್ ಡ್ರೈವ್ ಹಾಕುವ ಜಾಗ ಸ್ಕ್ರೀನ್‌ನ ಹಿಂಭಾಗದಲ್ಲಿದೆ, ಅಂದರೆ ಪ್ಯಾನೆಲ್ ಬಾಗಿಲು ತೆಗೆಯಲೇಬೇಕು. ಒಳಗೆ 415 ವೋಲ್ಟ್ ಇದೆ. ನಾನು ಲೋಡ್ ಕಡಿಮೆ ಇರುವ ಹೊತ್ತು ನೋಡಿ, ಕಾಕಾನನ್ನು ಗೇಜ್ ಗ್ಲಾಸ್ (ಬಾಯ್ಲರ್ ನೀರಿನ ಮಟ್ಟ ಕಾಣುವ ಗಾಜು) ಹತ್ತಿರ ನಿಲ್ಲಿಸಿ, ಒಣ ಕೈಯಲ್ಲಿ ಹಾಕಿದೆ. 64 ಜಿಬಿ ಪೆನ್ ಡ್ರೈವ್ ಅದಕ್ಕೆ ಗೊತ್ತೇ ಆಗಲಿಲ್ಲ. ಹಳೆಯ 8 ಜಿಬಿಯದನ್ನು ಫ್ಯಾಟ್ 32ಕ್ಕೆ ಫಾರ್ಮ್ಯಾಟ್ ಮಾಡಿ ಹಾಕಿದಾಗ ತಗೊಂಡಿತು. ಎಕ್ಸ್‌ಪೋರ್ಟ್ ಒತ್ತಿದ ಮೇಲೆ ಮುಗಿಯಿತು ಅಂತ ಬರುವವರೆಗೆ ಕಾಯಿರಿ. ಮೊದಲ ಸಲ ನಾನು ಬೇಗ ಕಿತ್ತೆ, ಫೈಲ್ ಅರ್ಧಕ್ಕೇ ನಿಂತಿತ್ತು.

ಬಂದದ್ದು ಸಿಎಸ್‌ವಿ ಫೈಲ್, ನಿಮಿಷಕ್ಕೊಂದು ಸಾಲು, ದಿನಕ್ಕೆ 1440 ಸಾಲು. ಎಕ್ಸೆಲ್‌ನಲ್ಲಿ ನೇರವಾಗಿ ತೆರೆದರೆ ತಿಂಗಳು ಮತ್ತು ದಿನ ಅದಲು ಬದಲಾಗಬಹುದು, ಅದಕ್ಕೆ ಡೇಟಾ ಇಂಪೋರ್ಟ್‌ನಿಂದ ತೆಗೆದು ತಾರೀಖಿನ ಕಾಲಂ ಯಾವ ಕ್ರಮದಲ್ಲಿದೆ ಅಂತ ನಾವೇ ಹೇಳಬೇಕು. ಲೆವೆಲ್ 523 ಅಂತ ಇತ್ತು, ಚುಕ್ಕೆ ಬಿಟ್ಟು ಬರೆದಿದೆ, ಅದು 52.3 ಪರ್ಸೆಂಟ್.

ಕಾಕಾನ ಪುಸ್ತಕದಲ್ಲಿ ಒಂದು ಟ್ರಿಪ್ ಆದದ್ದು ರಾತ್ರಿ 3:10ಕ್ಕೆ. ಫೈಲ್‌ನಲ್ಲಿ 3:10ರ ಸಾಲು ನೋಡಿದರೆ ಲೆವೆಲ್ ಚೆನ್ನಾಗಿದೆ, ಪಂಪು ಸರಿಯಾಗಿದೆ, ಏನೂ ಆಗೇ ಇಲ್ಲ! ಒಂದು ಕ್ಷಣ ನನಗೂ ಕಾಕಾನ ಮೇಲೆ ಅನುಮಾನ ಬಂತು. ಆಮೇಲೆ ಸ್ಕ್ರೀನ್‌ನ ಗಡಿಯಾರವನ್ನು ಮೊಬೈಲ್ ಜೊತೆ ಹೋಲಿಸಿದೆ. ಪ್ಯಾನೆಲ್ 47 ನಿಮಿಷ ಹಿಂದಿತ್ತು. ಅಂದರೆ ನಿಜವಾದ 3:10 ಅದರಲ್ಲಿ 2:23. ಆ ಸಾಲಿಗೆ ಹೋದರೆ ಎಲ್ಲ ಅಲ್ಲೇ ಇತ್ತು. ಪಂಪು ಆನ್, ಆದರೂ 18 ನಿಮಿಷದಲ್ಲಿ ಲೆವೆಲ್ 52ರಿಂದ 28ಕ್ಕೆ ಇಳಿದಿದೆ. ಕಾಕಾ ಹೇಳಿದ್ದು ಅಕ್ಷರಶಃ ನಿಜ.

ಪಂಪು ಓಡಿಯೂ ನೀರು ಏರಲಿಲ್ಲ ಯಾಕೆ? ಪಕ್ಕದ ಕಾಲಂನಲ್ಲಿ ಫೀಡ್ ವಾಟರ್ (ಬಾಯ್ಲರ್‌ಗೆ ಪಂಪು ಕಳಿಸುವ ನೀರು) ಟೆಂಪರೇಚರ್ ಇತ್ತು. ಹಗಲು 70ರಿಂದ 75 ಡಿಗ್ರಿ, ರಾತ್ರಿ 12ರ ಮೇಲೆ ಏರುತ್ತಾ ಏರುತ್ತಾ 96. ಮೂರೂ ಟ್ರಿಪ್ ರಾತ್ರಿಗಳಲ್ಲಿ ಇದೇ ಕಥೆ. ಹಗಲು ಭತ್ತ ಬೇಯಿಸುವಾಗ ಸ್ಟೀಮ್ ಭತ್ತದೊಳಗೆ ಹೋಗುತ್ತದೆ, ವಾಪಸ್ ಬರುವುದಿಲ್ಲ, ಅದಕ್ಕೆ ಫೀಡ್ ಟ್ಯಾಂಕ್‌ಗೆ ಹೊಸ ತಣ್ಣೀರು ಬರುತ್ತಲೇ ಇರುತ್ತದೆ. ಕೊನೆಯ ಬ್ಯಾಚ್ ಮುಗಿದ ಮೇಲೆ ಡ್ರೈಯರ್ ಒಂದೇ ಓಡುತ್ತದೆ, ಅದರ ಬಿಸಿ ಕಂಡೆನ್ಸೇಟ್ (ಸ್ಟೀಮ್ ತಣಿದು ಆದ ನೀರು) ಪೂರ್ತಿ ಟ್ಯಾಂಕ್‌ಗೇ ಬರುತ್ತದೆ. ಕುದಿಯುವ ಹತ್ತಿರಕ್ಕೆ ಬಂದ ನೀರನ್ನು ಪಂಪು ಎಳೆದಾಗ ಒಳಗೆ ಆವಿಯಾಗುತ್ತದೆ, ಆಗ ಪಂಪು ಜಲ್ಲಿ ತುಂಬಿದ ಹಾಗೆ ಗರಗರ ಅನ್ನುತ್ತದೆ, ನೀರು ಮುಂದೆ ಹೋಗುವುದಿಲ್ಲ. ಮುಂದಿನ ರಾತ್ರಿ ನಾನೇ ನಿಂತು ಆ ಸದ್ದು ಕೇಳಿದೆ.

ಕಂಡೆನ್ಸೇಟ್‌ನ್ನು ಚರಂಡಿಗೆ ಬಿಟ್ಟುಬಿಡಿ ಅಂದರು ಕೆಲವರು. ನಾನು ಒಪ್ಪಲಿಲ್ಲ. ಫೀಡ್ ನೀರು ಸುಮಾರು 6 ಡಿಗ್ರಿ ಬಿಸಿಯಾದರೆ ಇಂಧನ 1 ಪರ್ಸೆಂಟ್ ಉಳಿಯುತ್ತದೆ, ಆ ಬಿಸಿಯನ್ನು ಚೆಲ್ಲುವುದೇ? ಲೈನ್‌ಗೆ ಒಂದು ಟೀ (ಕವಲು ಪೈಪ್), ಒಂದು ವಾಲ್ವ್ ಹಾಕಿ, ಫೀಡ್ ನೀರು 85 ಡಿಗ್ರಿ ದಾಟಿದರೆ ಭತ್ತ ನೆನೆಹಾಕುವ ಬಿಸಿನೀರಿನ ಟ್ಯಾಂಕ್‌ಗೆ ತಿರುಗಿಸುವಂತೆ ಮಾಡಿದೆವು. ಸೀಸನ್ ಮುಗಿದ ಮೇಲೆ ಫೀಡ್ ಟ್ಯಾಂಕನ್ನು 4 ಅಡಿ ಎತ್ತರಿಸಿದೆವು, ಪಂಪಿಗೆ ನೀರಿನ ಒತ್ತು ಜಾಸ್ತಿ ಸಿಗಲಿ ಅಂತ. ಆಮೇಲೆ ಆ ಟ್ರಿಪ್ ಮತ್ತೆ ಬಂದಿಲ್ಲ.

ಇಷ್ಟು ನಿಧಾನದ ತೊಂದರೆಗೆ ನಿಮಿಷಕ್ಕೊಂದು ಸಾಲು ಸಾಕು. ಫರ್ನೇಸ್ ಡ್ರಾಫ್ಟ್ (ಒಲೆಯೊಳಗಿನ ಗಾಳಿಯ ಎಳೆತ) ನೋಡಬೇಕಾದರೆ ಸಾಲದು, 5 ಸೆಕೆಂಡ್‌ಗೆ ಇಡಬೇಕು. ಆಗ ದಿನಕ್ಕೆ 17,280 ಸಾಲು, ಮೆಮೊರಿ ಬೇಗ ತುಂಬಿ ಹಳೆಯದರ ಮೇಲೆ ಹೊಸದು ಬರೆಯುತ್ತದೆ. ಅದಕ್ಕೇ ಪ್ರತಿ ಸೋಮವಾರ ಫೈಲ್ ತೆಗೆದಿಡುತ್ತೇನೆ, ಗಡಿಯಾರವನ್ನೂ ನೋಡುತ್ತೇನೆ. ಸಾಹುಕಾರರಿಗೆ ಆ ರಾತ್ರಿಯ ಸಾಲುಗಳನ್ನು ಪ್ರಿಂಟ್ ತೆಗೆದು ತೋರಿಸಿದ ದಿನ ಅವರೇ ಬಾಯ್ಲರ್ ಹೌಸ್‌ಗೆ ಬಂದು ಕಾಕಾನ ಜೊತೆ ಕೂತು ಚಹಾ ಕುಡಿದರು. ಈಗ ಕಾಕಾ ತಮ್ಮ ಪುಸ್ತಕದಲ್ಲಿ ಹೊಸ ಗೆರೆ ಎಳೆದುಕೊಂಡಿದ್ದಾರೆ, ಗಂಟೆಗೊಮ್ಮೆ ಟ್ಯಾಂಕ್ ಟೆಂಪರೇಚರ್ ಬರೆಯುತ್ತಾರೆ.