ಪ್ಲೇ ಕಾಲಿಂಗ್‌ನಲ್ಲಿ ಕೋಚ್ ಎಲ್ಲಿ ಎಡವುತ್ತಿದ್ದಾರೆ? ಒಂದು ಹಾಳೆ ಇಟ್ಟುಕೊಂಡು ನೋಡಿ

ನಿಮ್ಮ ಎನ್‌ಎಫ್‌ಎಲ್ (ಅಮೆರಿಕನ್ ಫುಟ್‌ಬಾಲ್ ಲೀಗ್) ತಂಡದ ಹೆಡ್ ಕೋಚ್ ತಾವೇ ಅಫೆನ್ಸ್ ಪ್ಲೇ ಕಾಲ್ ಮಾಡುತ್ತಾರಾ, ಅಂದರೆ ಚೆಂಡು ತಮ್ಮ ತಂಡದ ಕೈಯಲ್ಲಿದ್ದಾಗ ಮುಂದಿನ ಆಟ ಯಾವುದು ಅಂತ ತಾವೇ ಆರಿಸಿ ಹೇಳುತ್ತಾರಾ? ತಂಡ ಸೋಲುತ್ತಲೇ ಇದೆಯಾ? ಸುಮ್ನೆ ಬೈಯುವ ಬದಲು ಮುಂದಿನ ಭಾನುವಾರ ಪೆನ್ನು, ಹಾಳೆ ಹಿಡಿದು ಕೂತುಕೊಳ್ಳಿ.

ಮೊದಲು ಪ್ಲೇ ಕ್ಲಾಕ್ (ಮುಂದಿನ ಪ್ಲೇ ಶುರುಮಾಡಲು ಇರುವ ಸಮಯ ತೋರಿಸುವ ಗಡಿಯಾರ) ನೋಡಿ. ಸಾಮಾನ್ಯವಾಗಿ ಒಂದು ಪ್ಲೇ ಮುಗಿದ ಮೇಲೆ 40 ಸೆಕೆಂಡ್ ಸಿಗುತ್ತದೆ. ಅದು 15ಕ್ಕೆ ಇಳಿದಾಗ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಹೆಲ್ಮೆಟ್‌ನಲ್ಲಿ ಕೋಚ್ ಮಾತು ಕೇಳಿಸುವ ರೇಡಿಯೋ ಬಂದ್. ಅಂದರೆ ಹಿಂದಿನ ಪ್ಲೇ ಏನಾಯಿತು ಅಂತ ನೋಡಿ, ಮುಂದಿನದು ಆರಿಸಿ, ಹೇಳಿ ಮುಗಿಸಲು ಕೋಚ್‌ಗೆ ಇರುವುದು 25 ಸೆಕೆಂಡ್ ಅಷ್ಟೇ. ಆಟಗಾರರು ಪದೇ ಪದೇ ಕೊನೇ ಗಳಿಗೆಯಲ್ಲಿ ಓಡಿ ಬಂದು ಸಾಲಾಗಿ ನಿಲ್ಲುತ್ತಿದ್ದರೆ, ಟೈಮ್‌ಔಟ್ ಸುಮ್ನೆ ಖರ್ಚಾಗುತ್ತಿದ್ದರೆ, ಮೇಲಿನಿಂದಲೇ ಪ್ಲೇ ತಡವಾಗಿ ಬರುತ್ತಿರಬಹುದು. ಗುರುತು ಹಾಕಿಕೊಳ್ಳಿ.

ಮುಖ್ಯವಾದದ್ದು ಫಸ್ಟ್ ಡೌನ್, ಅಂದರೆ 10 ಯಾರ್ಡ್ ಮುಂದೆ ಹೋಗಲು ಸಿಗುವ ನಾಲ್ಕು ಪ್ರಯತ್ನಗಳಲ್ಲಿ ಮೊದಲನೆಯದು. ನಾವೆಲ್ಲ ಥರ್ಡ್ ಡೌನ್ ಕೈಕೊಟ್ಟಾಗ ಕೂಗಾಡುತ್ತೇವೆ, ಆದರೆ ಗಂಟು ಬಿದ್ದಿರುವುದು ಎಷ್ಟೋ ಸಲ ಎರಡು ಪ್ಲೇ ಹಿಂದೆ. ಪ್ರತಿ ಫಸ್ಟ್ ಡೌನ್‌ನಲ್ಲಿ ಓಟವೋ ಪಾಸೋ, ಎಷ್ಟು ಯಾರ್ಡ್ ಬಂತು ಅಂತ ಬರೆಯಿರಿ. ನಡುವೆ ನುಗ್ಗಿಸಿ ಒಂದೋ ಎರಡೋ ಯಾರ್ಡ್, ಮತ್ತೆ ಅದೇ, ಮತ್ತೆ ಅದೇ ಅಂತ ಬಂದರೆ ಥರ್ಡ್ ಡೌನ್‌ನಲ್ಲಿ ಪಾಸ್ ಬರುತ್ತದೆ ಅಂತ ಎದುರಾಳಿಗೆ ಮೊದಲೇ ಗೊತ್ತಿರುತ್ತದೆ, ಅಲ್ವಾ?

ಮೊದಲ 15 ಪ್ಲೇಗಳ ಕೆಳಗೆ ಗೆರೆ ಎಳೆಯಿರಿ. ಆರಂಭದ ಪ್ಲೇಗಳನ್ನು ಮೊದಲೇ ಬರೆದಿಟ್ಟುಕೊಳ್ಳುವ ಪದ್ಧತಿಯನ್ನು ಹೆಸರುವಾಸಿ ಮಾಡಿದ್ದು ಸ್ಯಾನ್ ಫ್ರಾನ್ಸಿಸ್ಕೋ 49ರ್ಸ್‌ನ ಬಿಲ್ ವಾಲ್ಶ್. ಗೆರೆಯ ಮೇಲೆ ಚೆನ್ನಾಗಿದ್ದು ಕೆಳಗೆ ಸೊರಗಿದರೆ, ವಾರವಿಡೀ ಮಾಡಿದ ತಯಾರಿ ಸರಿಯಿದೆ, ಎದುರಾಳಿ ಬದಲಾದಾಗ ಕೋಚ್ ಬದಲಾಗುತ್ತಿಲ್ಲ ಅಂತ ನಾನು ಓದುತ್ತೇನೆ.

ಫಲಿತಾಂಶ ಮಾತ್ರ ನೋಡಿ ತೀರ್ಪು ಕೊಡಬೇಡಿ. 2015ರ ಫೆಬ್ರವರಿಯ ಸೂಪರ್ ಬೌಲ್ (ಲೀಗ್‌ನ ಫೈನಲ್) ನೆನಪಿಸಿಕೊಳ್ಳಿ. ಗೆಲ್ಲಲು ಸಿಯಾಟಲ್‌ಗೆ ಬೇಕಿದ್ದದ್ದು ಒಂದು ಯಾರ್ಡ್, ಉಳಿದದ್ದು 26 ಸೆಕೆಂಡ್, ಒಂದೇ ಟೈಮ್‌ಔಟ್. ಚೆಂಡು ಹಿಡಿದು ಓಡುವ ಮಾರ್ಶಾನ್ ಲಿಂಚ್ ಕೈಗೆ ಅದನ್ನು ಕೊಡದೆ ಪಾಸ್ ಮಾಡಿಸಿದರು, ಎದುರಾಳಿ ಮಾಲ್ಕಮ್ ಬಟ್ಲರ್ ಹಿಡಿದುಬಿಟ್ಟ, ಪೇಟ್ರಿಯಟ್ಸ್ 28-24ಕ್ಕೆ ಗೆದ್ದಿತು. ಪಾಸ್ ನೆಲಕ್ಕೆ ಬಿದ್ದಿದ್ದರೆ ಗಡಿಯಾರ ನಿಲ್ಲುತ್ತಿತ್ತು, ಇನ್ನೆರಡು ಅವಕಾಶ ಇರುತ್ತಿತ್ತು. ಹಾಗಾಗಿ ಪಾಸ್ ಅನ್ನುವ ಯೋಚನೆ ತಪ್ಪಲ್ಲ, ಜನ ತುಂಬಿದ ನಡುವಿಗೆ ಎಸೆಸಿದ್ದು ತಪ್ಪು ಅಂತ ನನ್ನ ಅಭಿಪ್ರಾಯ.

ಕೊನೆಗೆ ಕೋಚ್ ಮುಖ ನೋಡಿ. ಡಿಫೆನ್ಸ್ ಆಡುವಾಗಲೂ ಪ್ಲೇ ಶೀಟ್‌ನಲ್ಲೇ ಮುಳುಗಿದ್ದರೆ ಟೈಮ್‌ಔಟ್, ಚಾಲೆಂಜ್, ಫೋರ್ತ್ ಡೌನ್ ನಿರ್ಧಾರ ನೋಡುವವರು ಯಾರು? ಆಗ ಶೀಟ್ ಬೇರೆಯವರಿಗೆ ಕೊಡುವುದೇ ದಾರಿ. 2017ರಲ್ಲಿ ಕನ್ಸಾಸ್ ಸಿಟಿ ಸತತ ಮೂರು ಪಂದ್ಯ ಸೋತಾಗ ಹೆಡ್ ಕೋಚ್ ಆಂಡಿ ರೀಡ್ ಆ ಕೆಲಸವನ್ನು ಸಹಾಯಕ ಮ್ಯಾಟ್ ನ್ಯಾಗಿಗೆ ಬಿಟ್ಟುಕೊಟ್ಟರು. ಜೆಟ್ಸ್ ವಿರುದ್ಧದ ಮೊದಲ ಪಂದ್ಯ 38-31ಕ್ಕೆ ಕೈತಪ್ಪಿತು, ಆದರೆ 31 ಅಂಕ ಬಂತಲ್ಲ! ಆಮೇಲಿನ ನಾಲ್ಕೂ ಗೆದ್ದು ರೆಗ್ಯುಲರ್ ಸೀಸನ್ 10-6ಕ್ಕೆ ಮುಗಿಸಿದರು. ಫಿಲಡೆಲ್ಫಿಯಾ ಈಗಲ್ಸ್‌ನ ಹೆಡ್ ಕೋಚ್ ನಿಕ್ ಸಿರಿಯಾನಿ 2021ರ ಸೀಸನ್ ನಡುವೆ ಶೇನ್ ಸ್ಟೈಕನ್‌ಗೆ ವಹಿಸಿದರು, ಮುಂದಿನ ಸೀಸನ್ ಈಗಲ್ಸ್ ಸೂಪರ್ ಬೌಲ್‌ಗೆ ಹೋಯಿತು.

ಒಂದೇ ಪಂದ್ಯದ ಹಾಳೆ ಸಾಲದು. ನಾಲ್ಕು ಪಂದ್ಯದ್ದು ಪಕ್ಕಪಕ್ಕ ಇಟ್ಟು, ಮೊದಲು ಫಸ್ಟ್ ಡೌನ್ ಸಾಲನ್ನೇ ಓದಿ.