ಕ್ಯಾನ್ಸರ್ ವಾರ್ಡಿನಲ್ಲಿ ‘ಮುಂದೇನು’ ಅನ್ನೋ ಮಾತು ಎತ್ತುವುದು ಹೇಗೆ

ನಮ್ಮ ಮೈಸೂರಿನ ವಾರ್ಡಿಗೆ ಹೊಸದಾಗಿ ಬರುವ ಸಿಸ್ಟರ್‌ಗಳು ಕಿಮೋ ಹಾಕುವುದನ್ನು ಬೇಗ ಕಲಿತುಬಿಡುತ್ತಾರೆ. ಮಾತು ಕಲಿಯುವುದಕ್ಕೆ ಹೊತ್ತು ಹಿಡಿಯುತ್ತದೆ. ಕಾಯಿಲೆ ಎಷ್ಟು ಹರಡಿದೆ, ಎಷ್ಟು ಕಾಲ ಸಿಗಬಹುದು ಎನ್ನುವುದನ್ನು ಮೊದಲು ತಿಳಿಸಬೇಕಾದವರು ಡಾಕ್ಟರೇ. ಆದರೆ ರೌಂಡ್ಸ್ ಮುಗಿದ ಮೇಲೆ, ಡ್ರಿಪ್ ಬದಲಿಸಲು ಹೋದಾಗ, “ನಂದು ವಾಸಿ ಆಯ್ತದಾ ಸಿಸ್ಟ್ರೇ?” ಎಂದು ಕೇಳುವುದು ನಮ್ಮನ್ನು.

ಆಗ “ಎಲ್ಲಾ ಸರಿಹೋಗುತ್ತೆ ಬಿಡಿ” ಅನ್ನಬೇಡಿ. “ಡಾಕ್ಟ್ರನ್ನೇ ಕೇಳಿ” ಎಂದು ಹೊರಟೂ ಹೋಗಬೇಡಿ. ಸ್ಟೂಲ್ ಎಳೆದುಕೊಂಡು ಕೂತು, “ಯಾಕಪ್ಪಾಜಿ ಹಂಗನ್ನಿಸ್ತು? ಡಾಕ್ಟ್ರು ನಿಮಗೆ ಏನಂತ ಹೇಳವ್ರೆ?” ಎಂದು ಕೇಳಿ. ಅವರಿಗೆ ಎಷ್ಟು ಗೊತ್ತಿದೆ ಎಂದು ತಿಳಿಯದೆ ನಾವು ಒಂದು ಮಾತೂ ಸೇರಿಸುವ ಹಾಗಿಲ್ಲ. ಮದ್ದೂರು ಕಡೆಯ ರೈತರೊಬ್ಬರಿಗೆ ಅನ್ನನಾಳದ ಕ್ಯಾನ್ಸರ್. ಮನೆಯವರು ಅಲ್ಸರ್ ಎಂದು ಹೇಳಿಟ್ಟಿದ್ದರು. ನಾನು ಹೀಗೆ ಕೇಳಿದಾಗ, “ಏನೇಳಾದವ್ವಾ, ಮುದ್ದೆ ಹೋಗಿ ಗಂಜಿ ಆಯ್ತು, ಈಗ ನೀರೂ ನಿಂತ್ಕೊತದೆ. ಪಂಚೆ ಸೊಂಟದ ಮ್ಯಾಲೆ ನಿಲ್ತಿಲ್ಲ. ನಂಗ್ ತಿಳಿಯಾಕಿಲ್ವಾ?” ಎಂದರು. ಬಾಗಿಲಾಚೆ ನಿಂತಿದ್ದ ಮಗ ಅದೇ ಬೆಳಿಗ್ಗೆ ನನ್ನನ್ನು ಪಕ್ಕಕ್ಕೆ ಕರೆದು, “ಅಪ್ಪಂಗೆ ಮಾತ್ರ ಹೇಳ್ಬ್ಯಾಡಿ ಸಿಸ್ಟರ್” ಎಂದು ಕೈಮುಗಿದಿದ್ದ.

ಹೇಳಬೇಡಿ ಎನ್ನುವವರ ಮೇಲೆ ಸಿಟ್ಟು ಮಾಡಿಕೊಳ್ಳಬಾರದು, ಪ್ರೀತಿಯಿಂದಲೇ ಹಾಗನ್ನುತ್ತಾರೆ. “ಹೇಳಿದ್ರೆ ಏನಾಗುತ್ತೆ ಅಂತ ನಿಮಗೆ ಭಯ?” ಎಂದು ಕೇಳಿ. ಊಟ ಬಿಟ್ಟುಬಿಡ್ತಾರೆ, ಧೈರ್ಯ ಕಳ್ಕೊತಾರೆ, ಜೀವಕ್ಕೇನಾದರೂ ಮಾಡಿಕೊಂಡಾರು ಎಂಬ ಮಾತು ಬರುತ್ತದೆ. ಪೂರ್ತಿ ಕೇಳಿಸಿಕೊಳ್ಳಿ. ಜೀವದ ಭಯವಿದ್ದರೆ ಅದನ್ನು ಡಾಕ್ಟರಿಗೂ ತಿಳಿಸಿ. ಆಮೇಲೆ ನಾನು ಎರಡು ಮಾತು ಕೊಡುತ್ತೇನೆ: ಅವರು ಕೇಳದೆ ನಾನಾಗಿ ಹೇರುವುದಿಲ್ಲ, ಅವರೇ ಬಾಯಿಬಿಟ್ಟು ಕೇಳಿದರೆ ಸುಳ್ಳು ಹೇಳುವುದಿಲ್ಲ. ಇದಕ್ಕೆ ಒಪ್ಪದವರು ಕಡಿಮೆ. ನಂತರ ಮಗನನ್ನು ಪಕ್ಕದಲ್ಲೇ ಕೂರಿಸಿಕೊಂಡು ರೋಗಿಯನ್ನೇ ಕೇಳಬಹುದು: “ಕಾಯಿಲೆ ವಿಚಾರ ಎಲ್ಲಾ ನಿಮಗೇ ಹೇಳ್ಬೇಕಾ, ಮಗನ ಹತ್ರ ಮಾತಾಡಿದ್ರೆ ಸಾಕಾ?” “ಅವನಿಗೇ ಹೇಳಿ, ನಂಗ್ ಬ್ಯಾಡ” ಎಂದರೆ ಅದೂ ಅವರ ತೀರ್ಮಾನವೇ.

ಡಾಕ್ಟರ್ ಮನೆಯವರನ್ನು ಕೂರಿಸಿಕೊಂಡು ಮಾತಾಡುವಾಗ ನೀವೂ ಅಲ್ಲಿರಿ. ಅವರಿಗೆ ಕೇಳಲು ತೋಚದ ಪ್ರಶ್ನೆಯನ್ನು ನೀವೇ ಎತ್ತಿ: “ಸರ್, ಈ ಕಿಮೋ ಕಾಯಿಲೆ ವಾಸಿ ಮಾಡೋಕಾ, ಹಿಡಿದಿಡೋಕಾ?” ಕಿಮೋ ಅಂದರೆ ವಾಸಿ ಅಂತಲೇ ಎಷ್ಟೋ ಜನ ನಂಬಿರುತ್ತಾರೆ. “ಗದ್ದೆ ಮಾರಾದ್ರೂ ಸರಿ” ಅನ್ನುವವರಿಗೆ ಈ ವ್ಯತ್ಯಾಸ ಗೊತ್ತಿರಲೇಬೇಕು. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಜಮೀನಿನ ಮಾತಿಗೆ ಮೊದಲು ಅವರನ್ನು ಆಸ್ಪತ್ರೆಯಲ್ಲಿ ಈ ಯೋಜನೆಗೆ ನೆರವಾಗುವ ಆರೋಗ್ಯಮಿತ್ರರ ಹತ್ತಿರ ಕಳಿಸಿ.

ಕೆಟ್ಟ ಸುದ್ದಿ ಕೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರಿ. “ಅಳಬೇಡಿ” ಅನ್ನಬೇಡಿ.

ರೋಗಿಗೆ ಮುಂದೆ ಏನು ಮುಖ್ಯ ಎಂದು ಕೇಳುವ ಬಗೆ ಹೀಗೆ. “ಏನ್ ಮಾಡೋಣ ಅಂತೀರಾ?” ಅಂದರೆ ಜನ ಗಾಬರಿಯಾಗುತ್ತಾರೆ. ಬದಲಿಗೆ, “ಮುಂದಿನ ದಿನಗಳಲ್ಲಿ ಯಾವುದು ಆಗಲೇಬೇಕು ಅಂತಿದೆ? ಯಾವುದು ಬೇಡವೇ ಬೇಡ?” ಎಂದು ಕೇಳಿ. ಮಗಳ ಮದುವೆ ನೋಡಬೇಕು, ರಾತ್ರಿ ನೋವಿಲ್ಲದೆ ನಿದ್ದೆ ಬಂದರೆ ಸಾಕು, ಹೀಗೆಲ್ಲ ಹೇಳುತ್ತಾರೆ. ಆ ರೈತರು “ನಮ್ಮಟ್ಟೀಲೇ ಇರ್ಬೇಕು, ಗದ್ದೆ ಮಾತ್ರ ಮಾರ್ಬಾರ್ದು” ಎಂದರು. ಮಗ ಅದನ್ನು ಮೊದಲ ಸಲ ಕೇಳಿಸಿಕೊಂಡ. ಅವತ್ತು ಸಂಜೆಯೇ ಅಪ್ಪ-ಮಗ ಇಬ್ಬರೂ ಡಾಕ್ಟರ ಜೊತೆ ಕೂತರು. ರೋಗಿಗೆ ಮಾತಾಡುವ ಶಕ್ತಿ ಇಲ್ಲದಿದ್ದರೆ, “ನಿಮಗೇನು ಬೇಕು?” ಎಂದು ಮಕ್ಕಳನ್ನು ಕೇಳಬೇಡಿ. “ಅಪ್ಪ ಈಗ ಮಾತಾಡೋ ಹಂಗಿದ್ದಿದ್ರೆ ಏನಂತಿದ್ರು?” ಎಂದು ಕೇಳಿ. ತೀರ್ಮಾನದ ಭಾರವೆಲ್ಲ ಮಕ್ಕಳ ತಲೆಯ ಮೇಲೆ ಬೀಳಬಾರದು.

“ಇನ್ನೇನೂ ಮಾಡಕ್ಕಾಗಲ್ಲ, ಮನೆಗೆ ಕರ್ಕೊಂಡ್ ಹೋಗಿ” ಎಂಬ ಮಾತು ನಮ್ಮ ಬಾಯಲ್ಲಿ ಬರಲೇಬಾರದು. ಅದು ಸುಳ್ಳು ಕೂಡ. ಹೊಟ್ಟೆಯ ನೀರು ತೆಗೆಯಬಹುದು, ಹುಣ್ಣಿನ ವಾಸನೆಗೆ ಮೆಟ್ರೋನಿಡಜೋಲ್ ಇದೆ, ನೋವಿಗೆ ಮಾರ್ಫಿನ್ ಇದೆ. ಮಾರ್ಫಿನ್ ಎಂದರೆ ಕೊನೇ ಔಷಧಿ ಎಂಬ ಹೆದರಿಕೆ ನಮ್ಮ ಕಡೆ ಬಹಳ. ಸಾಮಾನ್ಯ ಮಾರ್ಫಿನ್ ಮಾತ್ರೆಯನ್ನು 4 ಗಂಟೆಗೊಮ್ಮೆ, ನೋವು ಬರಲೆಂದು ಕಾಯದೆ, ಮಲಬದ್ಧತೆಯ ಔಷಧಿಯ ಜೊತೆಗೇ ಕೊಡಬೇಕೆಂದು ಬಿಡಿಸಿ ಹೇಳಿ. ನೋವು-ಸಂಕಟ ತಗ್ಗಿಸುವ ಇಂಥ ಉಪಶಮನ ಚಿಕಿತ್ಸೆ ಎಂದರೆ ಕೈಬಿಟ್ಟ ಹಾಗೆ ಎನ್ನುವವರಿಗೆ ನಾನು 2010ರಲ್ಲಿ ಬಾಸ್ಟನ್‌ನಿಂದ ಪ್ರಕಟವಾದ ಅಧ್ಯಯನದ ವಿಷಯ ಹೇಳುತ್ತೇನೆ. ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದ 151 ಜನರಲ್ಲಿ, ಚಿಕಿತ್ಸೆಯ ಜೊತೆಗೇ ಆರಂಭದಿಂದ ಉಪಶಮನ ಆರೈಕೆ ಸಿಕ್ಕವರಿಗೆ ದಿನಗಳೂ ಹಗುರವಾದವು, ಬದುಕಿದ ಕಾಲವೂ ಸುಮಾರು ಎರಡೂವರೆ ತಿಂಗಳು ಹೆಚ್ಚಾಯಿತು.

ಐಸಿಯು ಮಾತನ್ನು ಉಸಿರು ಕಟ್ಟುವ ರಾತ್ರಿಯವರೆಗೆ ಮುಂದೂಡಬಾರದು. “ಎಲ್ಲಾ ಮಾಡಿ” ಎಂದವರಿಗೆ ವೆಂಟಿಲೇಟರ್ ಅಂದರೆ ಏನೆಂದು ತಿಳಿಸಿ: ಗಂಟಲಲ್ಲಿ ನಳಿಕೆ ಇರುತ್ತದೆ, ಮಾತಾಡಲಾಗದು, ಮನೆಯವರು ಹೊರಗಿರಬೇಕು. ಬೇಡ ಎನ್ನುವವರಿಗೆ ಕಾನೂನಿನ ದಾರಿಯೂ ಇದೆ. 2018ರ ಸುಪ್ರೀಂ ಕೋರ್ಟ್ ತೀರ್ಪು, 2023ರಲ್ಲಿ ಆದ ಸಡಿಲಿಕೆಯ ಪ್ರಕಾರ, ವಯಸ್ಕರು ಇಬ್ಬರು ಸಾಕ್ಷಿಗಳ ಎದುರು ಮುಂಗಡ ಇಚ್ಛಾಪತ್ರ (ಮುಂದೆ ಮಾತಾಡಲಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಡ ಎಂದು ಮೊದಲೇ ತಿಳಿಸುವ ಪತ್ರ) ಬರೆದು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಜಾರಿಗೆ ತರುವ ಆದೇಶವನ್ನು ಕರ್ನಾಟಕ 2025ರ ಜನವರಿಯಲ್ಲಿ ಹೊರಡಿಸಿತು.

ಕೇಳಿದ್ದನ್ನೆಲ್ಲ ಕೇಸ್ ಶೀಟಿನಲ್ಲಿ ಬರೆಯಿರಿ, ಅದೂ ಅವರ ಮಾತಲ್ಲೇ. “ರೋಗಿ ಸಹಕರಿಸುತ್ತಿಲ್ಲ” ಎಂದು ಬರೆದರೆ ನೈಟ್ ಡ್ಯೂಟಿಯವರಿಗೆ ಏನೂ ತಿಳಿಯದು. “ಮೂಗಿನ ನಳಿಕೆ ಬೇಡ ಅಂದರು, ಹಬ್ಬಕ್ಕೆ ಮಗಳು ಬರುವ ಹೊತ್ತಿಗೆ ಊರಲ್ಲಿರಬೇಕಂತೆ” ಎಂದಿದ್ದರೆ ತಿಳಿಯುತ್ತದೆ. ಹೊಸ ಸ್ಕ್ಯಾನ್ ಬಂದಾಗ, ಮತ್ತೆ ಅಡ್ಮಿಟ್ ಆದಾಗ ಇನ್ನೊಮ್ಮೆ ಕೇಳಿ. ಹೋದ ತಿಂಗಳು ಬೇಡ ಎಂದದ್ದು, ಸೊಸೆ ಬಸುರಿ ಎಂದು ತಿಳಿದ ಮೇಲೆ ಬೇಕಾಗಬಹುದು. ಆಗ ಹಳೆಯದರ ಕೆಳಗೆ ತಾರೀಖು ಹಾಕಿ ಹೊಸದನ್ನು ಬರೆದು, ಡಾಕ್ಟರಿಗೆ ತಿಳಿಸಿ.