ಲಾನಿನ ಕಳೆ ಗೇಟಿನಿಂದಲೇ ಒಳಗೆ ಬರುತ್ತದೆ

ನಮ್ಮ ಮನೆ ಮುಂದಿನ ಲಾನ್ 300 ಚದರ ಅಡಿ. ಇಲ್ಲಿ ಕೊಟ್ಟ ಅಳತೆಗಳೆಲ್ಲ ಅಷ್ಟು ಜಾಗಕ್ಕೆ. ನಿಮ್ಮ ಜಾಗಕ್ಕೆ ತಕ್ಕಂತೆ ಹೆಚ್ಚು ಕಡಿಮೆ ಮಾಡಿಕೊಳ್ಳಿ.

ಬೆಂಗಳೂರಿನಲ್ಲಿ ಲಾನ್ ಕೆಡುವುದಕ್ಕೆ ಮೊದಲ ಕಾರಣ ಟ್ರ್ಯಾಕ್ಟರಿನಲ್ಲಿ ಬರುವ ಕೆಮ್ಮಣ್ಣು ಮತ್ತು ಅರೆಬೆಂದ ಕೊಟ್ಟಿಗೆ ಗೊಬ್ಬರ. ಮಣ್ಣಿನ ಜೊತೆ ಜೇಕು ಎಂಬ ಕಳೆಯ ಗಡ್ಡೆ ಬರುತ್ತದೆ, ಗೊಬ್ಬರದ ಜೊತೆ ಕಳೆಬೀಜವೂ ಬೇರು ತಿನ್ನುವ ಗೊಣ್ಣೆಹುಳುವೂ ಬರುತ್ತವೆ. ಅದಕ್ಕೇ ಲೋಡು ಇಳಿಸುವ ಮೊದಲು ಒಂದು ಬುಟ್ಟಿಯಷ್ಟು ಸ್ಯಾಂಪಲ್ ತಂದು, ಅಗಲವಾದ ಟ್ರೇನಲ್ಲಿ ಹರಡಿ, ಮೂರು ವಾರ ತೇವ ಆರದಂತೆ ನೋಡಿಕೊಳ್ಳುತ್ತೇನೆ. ಏನು ಹುಟ್ಟುತ್ತದೋ ಅದೇ ನಾಳೆ ಲಾನಿನಲ್ಲೂ ಹುಟ್ಟುವುದು. ಕೊಟ್ಟಿಗೆ ಗೊಬ್ಬರ ಈಗ ಬಿಟ್ಟೇಬಿಟ್ಟಿದ್ದೇನೆ, ಎರೆಗೊಬ್ಬರ ಮಾತ್ರ.

ಜೇಕನ್ನು ಗುರುತಿಸುವುದು ಸುಲಭ. ಅದರ ಹೂಕಾಂಡವನ್ನು ಬೆರಳುಗಳ ನಡುವೆ ಉರುಳಿಸಿದರೆ ಮೂರು ಮೂಲೆ ಕೈಗೆ ಸಿಗುತ್ತದೆ, ಹುಲ್ಲಿನದು ಗುಂಡಗಿರುತ್ತದೆ. ಕತ್ತರಿಸಿದ ಎರಡು ಮೂರು ದಿನಕ್ಕೇ ಉಳಿದ ಹುಲ್ಲಿಗಿಂತ ಎತ್ತರಕ್ಕೆ ನಿಂತು ತನ್ನನ್ನು ತಾನೇ ತೋರಿಸಿಕೊಳ್ಳುತ್ತದೆ. ಕೈಯಲ್ಲಿ ಎಳೆದರೆ ಎಲೆ ಮಾತ್ರ ಕಿತ್ತು ಬರುತ್ತದೆ, ಗಡ್ಡೆ ಕೆಳಗೇ ಉಳಿದು ಮತ್ತೆ ಚಿಗುರುತ್ತದೆ. ಒಂದು ಗಡ್ಡೆಯಿಂದ ಇನ್ನೊಂದಕ್ಕೆ ದಾರದಂಥ ಬೇರು ಹೋಗಿರುತ್ತದೆ. ಹಾಗಾಗಿ ಮಳೆ ಬಿದ್ದ ಮಾರನೇ ದಿನ, ನೆಲ ಮೆತ್ತಗಿರುವಾಗ, ಉದ್ದನೆಯ ಸ್ಕ್ರೂಡ್ರೈವರನ್ನು ಬುಡದ ಪಕ್ಕದಲ್ಲಿ ಅರ್ಧ ಅಡಿ ಇಳಿಸಿ ಮೀಟಿ, ಗಡ್ಡೆ ಸಮೇತ ಎತ್ತುತ್ತೇನೆ. ಎರಡು ವಾರಕ್ಕೊಮ್ಮೆ ಇದನ್ನು ಬಿಡದೆ ಮಾಡಬೇಕು. ತಡವಾದರೆ ಹೊಸ ಸಸಿಯೇ ಗಡ್ಡೆ ಕಟ್ಟಿಬಿಡುತ್ತದೆ. ಕಿತ್ತದ್ದನ್ನು ಕಾಂಪೋಸ್ಟ್ ಗುಂಡಿಗೆ ಹಾಕಬಾರದು.

ಕಳೆನಾಶಕ ಔಷಧಿ ಹೊಡೆದರೆ ಸಾಲದೇ ಎಂದು ಕೇಳುವವರಿದ್ದಾರೆ. ಗ್ಲೈಫೋಸೇಟ್ ಜೇಕಿನ ಜೊತೆ ಹುಲ್ಲನ್ನೂ ಸುಡುತ್ತದೆ. 2,4-ಡಿ ಅಗಲ ಎಲೆಯ ಕಳೆಗೆ ಸರಿ, ಆದರೆ ಗಾಳಿಗೆ ಹಾರಿದ ಹನಿ ಪಕ್ಕದ ಕುಂಡದ ಗುಲಾಬಿ, ಟೊಮೇಟೊ ಎಲೆಗಳನ್ನು ಮುರುಟಿಸುತ್ತದೆ. ಕಬ್ಬಿನ ಗದ್ದೆಯ ಜೇಕಿಗೆ ಬಳಸುವ ಹ್ಯಾಲೋಸಲ್ಫ್ಯೂರಾನ್ ಮೀಥೈಲ್ ಹೆಕ್ಟೇರಿಗೆ 90 ಗ್ರಾಂ ಲೆಕ್ಕದ್ದು. 300 ಚದರ ಅಡಿಗೆ ಅದು ಕಾಲು ಗ್ರಾಂ ಆಗುತ್ತದೆ. ಕಾಲು ಗ್ರಾಮನ್ನು ಯಾವ ಚಮಚದಲ್ಲಿ ಅಳೆಯುವುದು? ಇಷ್ಟು ಚಿಕ್ಕ ಲಾನಿಗೆ ಸ್ಕ್ರೂಡ್ರೈವರೇ ವಾಸಿ.

ಮೂರೆಲೆಯ ಹುಳಿಸೊಪ್ಪನ್ನು ಕಾಯಿ ಕಟ್ಟುವ ಮೊದಲೇ ತೆಗೆಯಬೇಕು. ಬಲಿತ ಕಾಯಿ ಮುಟ್ಟಿದರೆ ಸಿಡಿದು ಬೀಜ ಚೆಲ್ಲುತ್ತದೆ. ಮುಟ್ಟಿದರೆ ಮುನಿ, ಕಾಂಗ್ರೆಸ್ ಗಿಡ ಇನ್ನೂ ಚಿಕ್ಕದಿರುವಾಗಲೇ ಕಿತ್ತರೆ ಬೇರು ಸಮೇತ ಬರುತ್ತವೆ, ಅವುಗಳ ಕಾಟ ದೊಡ್ಡದಲ್ಲ.

ಕಳೆಗೆ ಜಾಗ ಕೊಡುವುದು ಬೋಳು ನೆಲ. ತೀರಾ ಗಿಡ್ಡಕ್ಕೆ ಕತ್ತರಿಸಿದ ಲಾನಿನಲ್ಲಿ ನೆಲಕ್ಕೆ ಬಿಸಿಲು ತಾಗಿ, ಅಲ್ಲಿ ಬಿದ್ದಿದ್ದ ಕಳೆಬೀಜವೆಲ್ಲ ಮೊಳೆಯುತ್ತದೆ. ಗರಿಕೆ ಜಾತಿಯ ಹುಲ್ಲನ್ನು ಒಂದರಿಂದ ಒಂದೂವರೆ ಇಂಚಿಗೆ, ನೆರಳಿಗೆ ಹಾಕುವ ಅಗಲ ಎಲೆಯ ಹುಲ್ಲನ್ನು ಎರಡು ಇಂಚಿಗೆ ನಿಲ್ಲಿಸುತ್ತೇನೆ. ಒಂದು ಸಲಕ್ಕೆ ಎತ್ತರದ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ತೆಗೆಯುವುದಿಲ್ಲ. ಮಳೆಗಾಲದಲ್ಲಿ ವಾರಕ್ಕೊಮ್ಮೆ, ಡಿಸೆಂಬರ್‌ನಲ್ಲಿ ಮೂರು ವಾರಕ್ಕೊಮ್ಮೆ. ಕತ್ತರಿಸಿದ ಮಾರನೇ ದಿನ ತುದಿಗಳು ಬೆಳ್ಳಗೆ ಸೀಳಿಕೊಂಡಿದ್ದರೆ ಅದು ರೋಗವಲ್ಲ, ಬ್ಲೇಡ್ ಮೊಂಡಾಗಿದೆ, ಸಾಣೆ ಹಿಡಿಸಿ.

ನೀರು. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಗಿಡಕ್ಕೆ ಬಿಡುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಎಂದಿತು. ಅಂಥ ಬೇಸಿಗೆ ಮತ್ತೆ ಬಾರದು ಎನ್ನುವಂತಿಲ್ಲ. ಬೇಸಿಗೆಯಲ್ಲಿ ವಾರಕ್ಕೆ ಒಂದು ಇಂಚು ನೀರು, ಅಂದರೆ ಸುಮಾರು 700 ಲೀಟರ್, ಎರಡು ಕಂತಿನಲ್ಲಿ ಬೆಳಿಗ್ಗೆ ಎಂಟರೊಳಗೆ. ಲಾನಿನಲ್ಲಿ ನಾಲ್ಕು ಖಾಲಿ ಡಬ್ಬಿ ಇಟ್ಟು ಸ್ಪ್ರಿಂಕ್ಲರ್ ಬಿಡಿ, ಡಬ್ಬಿಯಲ್ಲಿ ಅರ್ಧ ಇಂಚು ನಿಂತ ಕೂಡಲೇ ನಿಲ್ಲಿಸಿ. ದಿನಾ ಸಂಜೆ ಪೈಪ್ ಹಿಡಿದು ಚಿಮುಕಿಸುವುದರಿಂದ ಬೇರು ಮೇಲೇ ಉಳಿಯುತ್ತದೆ, ರಾತ್ರಿಯಿಡೀ ಎಲೆ ಒದ್ದೆಯಿದ್ದು ಬೂಷ್ಟು ಹಿಡಿಯುತ್ತದೆ, ಜೇಕಿಗಂತೂ ಹಬ್ಬ. ಆರ್‌ಓ ಯಂತ್ರ ಹೊರಹಾಕುವ ನೀರನ್ನು ಲಾನಿಗೆ ಬಿಡಬೇಡಿ, ಉಪ್ಪು ಕೂಡಿಕೊಳ್ಳುತ್ತದೆ. ಬೋರ್‌ವೆಲ್ಲಿನ ಗಡಸು ನೀರಿನಿಂದ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಲೀಟರಿಗೆ 5 ಗ್ರಾಂ ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಕರಗಿಸಿ ಸಂಜೆ ಸಿಂಪಡಿಸುತ್ತೇನೆ. ನೆಲದ ಟೈಲ್ಸ್ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಹುಷಾರು.

ಯೂರಿಯಾ ಜೂನ್‌ನಲ್ಲಿ 150 ಗ್ರಾಂ, ಸೆಪ್ಟೆಂಬರ್ ಕೊನೆಗೆ ಇನ್ನೊಂದು 150 ಗ್ರಾಂ. ಎರಡು ಬಕೆಟ್ ಒಣ ಮರಳಿನಲ್ಲಿ ಬೆರೆಸಿ ಒಣಗಿದ ಎಲೆಯ ಮೇಲೆ ಎರಚಿ ತಕ್ಷಣ ನೀರು ಕೊಡಬೇಕು. ಒದ್ದೆ ಎಲೆಗೆ ಅಂಟಿದರೆ ಸುಡುತ್ತದೆ. ಜೂನ್‌ನಲ್ಲೇ ಜರಡಿ ಹಿಡಿದ ಕೆಮ್ಮಣ್ಣು, ತೊಳೆದ ಮರಳು, ಎರೆಗೊಬ್ಬರ ಸಮಪಾಲು ಬೆರೆಸಿ ಕಾಲು ಇಂಚು ಹರಡುತ್ತೇನೆ. ಐದು ಸಿಮೆಂಟ್ ಚೀಲದಷ್ಟು ಸಾಕು. ತೊಳೆಯದ ಎಂ-ಸ್ಯಾಂಡ್ ಬೇಡ, ಅದರ ಕಲ್ಲುಪುಡಿ ಮಣ್ಣಿನ ಸಂದುಗಳನ್ನು ಮುಚ್ಚಿ ನೆಲ ಗಟ್ಟಿಯಾಗುತ್ತದೆ.

ಕೀಟಗಳಲ್ಲಿ ನಿಜವಾದ ಶತ್ರು ಗೊಣ್ಣೆಹುಳು. ಆಗಸ್ಟ್‌ನಲ್ಲಿ ನೀರಿದ್ದೂ ಹುಲ್ಲು ತೇಪೆ ತೇಪೆಯಾಗಿ ಒಣಗಿ, ಎಳೆದರೆ ಚಾಪೆಯ ಹಾಗೆ ಸುತ್ತಿಕೊಂಡು ಬಂದರೆ ಬೇರು ತಿಂದು ಮುಗಿದಿದೆ ಎಂದೇ ಅರ್ಥ. ಕಾಗೆ, ಮೈನಾಗಳು ಒಂದೇ ಜಾಗ ಕೆದಕುತ್ತಿದ್ದರೂ ಅಲ್ಲಿ ಅಗೆದು ನೋಡಿ. ಒಂದು ಚದರ ಅಡಿಯಲ್ಲಿ ಒಂದೆರಡು ಹುಳು ಇದ್ದರೆ ಹಕ್ಕಿಗಳಿಗೇ ಬಿಡಿ; ಐದಾರು ಸಿಕ್ಕರೆ ಕೆಲಸವಿದೆ. ಕೆಲಸ ಶುರುವಾಗಬೇಕಾದ್ದು ಆಗಸ್ಟಿನಲ್ಲಲ್ಲ. ಏಪ್ರಿಲ್, ಮೇ ತಿಂಗಳ ಮೊದಲ ಮಳೆಗೆ, ಈ ಹುಳುಗಳೇ ಬೆಳೆದು ಆದ ದುಂಬಿಗಳು ಮುಸ್ಸಂಜೆ ಹೊರಬಂದು ಬೇವಿನಂಥ ಮರಗಳ ಮೇಲೆ ಕೂರುತ್ತವೆ. ಕೊಂಬೆ ಅಲ್ಲಾಡಿಸಿ ಬಿದ್ದವನ್ನು ಸೋಪು ನೀರಿಗೆ ಹಾಕುವುದು, ಆ ಕೆಲವು ವಾರ ಲಾನಿನ ದೀಪ ಆರಿಸಿಡುವುದು, ಇವಿಷ್ಟರಿಂದಲೇ ಮೊಟ್ಟೆಗಳು ಕಡಿಮೆಯಾಗುತ್ತವೆ. ಜುಲೈನಲ್ಲಿ ಹುಳು ಇನ್ನೂ ಚಿಕ್ಕದಿರುವಾಗ ಕಾಲು ಕೆಜಿ ಮೆಟಾರೈಜಿಯಂ ಪುಡಿಯನ್ನು 10 ಕೆಜಿ ತೇವದ ಎರೆಗೊಬ್ಬರದಲ್ಲಿ ಬೆರೆಸಿ, ಸಂಜೆ ಹೊತ್ತು ಎರಚಿ ನೀರು ಬಿಡುತ್ತೇನೆ. ಅದು ಜೀವಂತ ಶಿಲೀಂಧ್ರ. ಒಣ ನೆಲದಲ್ಲೂ ಬಿಸಿಲಿನಲ್ಲೂ ಸಾಯುತ್ತದೆ, ಶಿಲೀಂಧ್ರನಾಶಕ ಹೊಡೆದ ವಾರದಲ್ಲೂ ಕೆಲಸ ಮಾಡದು. ಜೊತೆಗೆ 3 ಕೆಜಿ ಬೇವಿನ ಹಿಂಡಿ. ಹುಳುವಿನೊಳಗೆ ಹೊಕ್ಕು ಕೊಲ್ಲುವ ಜಂತುಗಳ ಪುಡಿಯೂ ಸಿಗುತ್ತದೆ. ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಕೇಂದ್ರ ಇದರ ಮೇಲೆ ಕೆಲಸ ಮಾಡಿದೆ.

ಎಲೆ ಕತ್ತರಿಸಿದಂತಿದ್ದರೆ ಮಾತ್ರ ಅದು ಸೈನಿಕ ಹುಳು. ಎರಡು ಚಮಚ ಪಾತ್ರೆ ತೊಳೆಯುವ ದ್ರಾವಣವನ್ನು 5 ಲೀಟರ್ ನೀರಿಗೆ ಬೆರೆಸಿ ಒಂದು ಚದರ ಮೀಟರ್ ಜಾಗಕ್ಕೆ ಸುರಿದರೆ ಹತ್ತು ನಿಮಿಷದಲ್ಲಿ ಮೇಲೆ ಬರುತ್ತವೆ. ಗೊಣ್ಣೆಹುಳು ಈ ಉಪಾಯಕ್ಕೆ ಬಗ್ಗುವುದಿಲ್ಲ.

ಪಕ್ಕದ ಸೈಟಿನಲ್ಲಿ ನಾಲ್ಕು ಅಂತಸ್ತು ಎದ್ದು ಬಿಸಿಲು ನಾಲ್ಕು ಗಂಟೆಗಿಂತ ಕಡಿಮೆಯಾದ ಮೂಲೆಯಲ್ಲಿ ಗರಿಕೆ ಜಾತಿ ಉಳಿಯುವುದಿಲ್ಲ, ಎಷ್ಟು ಗೊಬ್ಬರ ಸುರಿದರೂ ಅಷ್ಟೇ. ನಮ್ಮಲ್ಲಿ ಅಂಥ 40 ಚದರ ಅಡಿಗೆ ಅಗಲ ಎಲೆಯ ಹುಲ್ಲು ಹಾಕಿದೆ. ಗೋಡೆಯ ಬುಡದ ಒಂದೂವರೆ ಅಡಿಗೆ ಅದೂ ಇಲ್ಲ, ಸಾದರಹಳ್ಳಿ ಕಲ್ಲಿನ ಚಪ್ಪಡಿ.